ಮಸಿ ಗೊಜ್ಜು ಯಾರದು

ಪುಸ್ತಕದ ಆ ಪುಟ ಓದುತ್ತ ಓದುತ್ತ ಮೈಶಬೆಲಳ ಪಿತ್ತ ನೆತ್ತಿಗೇರಿತು. ಮ್ಯಾಡ್ರಿಡ್‌ನಿಂದ ಹೊರಟು ನಾಡಿನ ಮೂಲೆಮೂಲೆಯ ಅಡುಗೆ ಉಂಡು ಬರೆಯುವ ಎವಾರಿಸ್ಟೊ ಎಂಬ ಮಹಾನುಭಾವ, ಅವಳ ಕಡಲೂರು ಬೆರ್ಮೆಯೊಗೂ ಒಂದು ಅಧ್ಯಾಯ ದಯಪಾಲಿಸಿದ್ದ. ಅದರ ಹೆಸರು 'ಅನ್ಸೆಲ್ಮೊನ ಮಸಿ ಗೊಜ್ಜು'. ಈ ಮೀನುಗಾರ ನಡುಗಡಲಲ್ಲಿ ಒಬ್ಬನೇ ಕೂತು, ಬೊಂಡಾಸ ಮೀನಿನ ಹೊಟ್ಟೆಯೊಳಗಿನ ಕಪ್ಪು ಮಸಿಯಿಂದ ಗೊಜ್ಜು ಮಾಡುವ ಗುಟ್ಟನ್ನು ತಾನೇ ಕಂಡುಹಿಡಿದನಂತೆ. ಯಾರೂ ಕಲಿಸಲಿಲ್ಲವಂತೆ.

ಅನ್ಸೆಲ್ಮೊ ಬೇರೆ ಯಾರೂ ಅಲ್ಲ, ಅವಳ ಗಂಡ. ದೋಣಿಯಲ್ಲಿ ಅವನು ಕಾಯಿಸಿದ್ದು ಕಾಫಿ ಮಾತ್ರ, ಅದನ್ನೂ ಉಕ್ಕಿಸಿಬಿಡುತ್ತಿದ್ದ. ಗೊಜ್ಜು ಮೈಶಬೆಲಳ ತಾಯಿ ಕಟಾಲಿನ್‌ದು. ಬಂದರಿನಲ್ಲಿ ಬಲೆ ಹೊಲಿದು ಬೆರಳು ಸೀಳಿಕೊಂಡು ಬಂದವಳು, ಮಗಳನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು ಕಲಿಸಿದ್ದಳು. ಆಕೆಗೆ ಆಸ್ತಿಯಿರಲಿಲ್ಲ, ಒಡವೆಯಿರಲಿಲ್ಲ. ಮಗಳಿಗೆ ಬಿಟ್ಟುಹೋದದ್ದು ಈ ಗೊಜ್ಜೊಂದನ್ನೇ.

ಊರಿನ ಗಂಡಸರ ಅಡುಗೆ ಸಂಘದಲ್ಲಿ ಗಂಡಸರೇ ಮಾಡಿ ಗಂಡಸರೇ ಉಣ್ಣುವುದು. ಹಬ್ಬದ ದಿನ ಹೆಂಗಸರು ಬಂದು ಊಟಕ್ಕೆ ಕೂರಬಹುದು, ಅಡುಗೆಮನೆಯ ಹೊಸ್ತಿಲು ಮಾತ್ರ ದಾಟುವಂತಿಲ್ಲ. ಅಲ್ಲಿಗೆ ಸೇರಿದ ಹೊಸದರಲ್ಲಿ ಅನ್ಸೆಲ್ಮೊ, ಹೆಂಡತಿ ಮಾಡಿದ ಗೊಜ್ಜನ್ನು ಜಾಡಿಯಲ್ಲಿ ತುಂಬಿ, ಕೋಟಿನೊಳಗೆ ಅಡಗಿಸಿಕೊಂಡು ಹೋದ. ಎಲ್ಲರೂ ಬೆರಳು ನೆಕ್ಕಿಕೊಂಡರು. ಅಂದಿನಿಂದ ಅದೇ ರೂಢಿಯಾಯಿತು. ಹೋಗಲಿ ಪಾಪ, ನಾಲ್ಕು ಜನರೆದುರು ಮೆರೆಯಲಿ ಎಂದು ಅವಳೂ ಜಾಡಿ ತುಂಬಿಕೊಡುತ್ತ ಬಂದಳು. ಆದರೆ ಪುಸ್ತಕದಲ್ಲಿ ಅಚ್ಚು ಹಾಕಿಸುವುದೆಂದರೇನು?

"ಏನ್ರೀ ಇದು?" ಎಂದು ಪುಸ್ತಕವನ್ನು ಗಂಡನ ಮುಂದೆ ಕುಕ್ಕಿದಳು.

"ಆ ಬರೆಯೋನು ಅವತ್ತು ಸಂಘಕ್ಕೆ ಬಂದಿದ್ನಲ್ಲ, ಕೇಳ್ದ. ನಾನು ಏನೋ ಒಂದು ಹೇಳ್ದೆ. ಅಷ್ಟಕ್ಕೆ ಯಾಕೆ ಹಾರಾಡ್ತೀಯ?"

"ಏನೋ ಒಂದಾ? ನಮ್ಮಮ್ಮನ್ನ ಸಮುದ್ರಕ್ಕೆ ಎಸೆದು ಬಂದ್ರಲ್ರೀ. ಆ ಮನುಷ್ಯನಾದ್ರೂ ಎಂಥವ್ನು, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋನು!"

"ನಿನ್ನ ಹೆಸರು ಹೇಳಿದ್ರೆ ಸಂಘದಲ್ಲಿ ನಾನು ಮುಖ ಎತ್ಕೊಂಡು ಓಡಾಡೋದು ಹೆಂಗೆ ಮಾರಾಯ್ತಿ?" ಅನ್ಸೆಲ್ಮೊ ದನಿ ತಗ್ಗಿಸಿದ. "ಇನ್ನೊಂದು ವಿಷ್ಯ. ಮದಲೇನಾ ಹಬ್ಬಕ್ಕೆ ಅವ್ನು ಫೋಟೊದವ್ನನ್ನ ಕರ್ಕೊಂಡು ಬರ್ತಾನಂತೆ. ನಾನು ಮಾಡೋದು ನೋಡ್ಬೇಕಂತೆ. ಒಂದು ಜಾಡಿ ತುಂಬಿ ಇಟ್ಟಿರು, ಆಯ್ತಾ?"

"ಒಂದು ಹನಿ ಕೊಡಲ್ಲ."

"ಕೊಡ್ಬೇಡ ಬಿಡು. ಇಷ್ಟು ವರ್ಷದಿಂದ ನೋಡ್ತಿದೀನಿ, ಅದೇನು ಬ್ರಹ್ಮವಿದ್ಯೆನಾ?"

ನೋಡುವುದಕ್ಕೆ ಇವನು ಅಡುಗೆಮನೆಗೆ ಬಂದದ್ದಾದರೂ ಯಾವಾಗ? ತಟ್ಟೆ ಮುಂದೆ ಬಂದಾಗ ನೋಡಿದ್ದು, ಅಷ್ಟೇ.

ಹಬ್ಬದ ದಿನ ಸಂಘದ ಊಟದ ಮನೆ ಕಿಕ್ಕಿರಿದಿತ್ತು. ಮೈಶಬೆಲ್ ನೇರವಾಗಿ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಅನ್ಸೆಲ್ಮೊ ಏಪ್ರನ್ ಬಿಗಿದುಕೊಂಡು ಕ್ಯಾಮೆರಾಕ್ಕೆ ಹಲ್ಲು ಕಿರಿಯುತ್ತಿದ್ದ. ಈರುಳ್ಳಿಯನ್ನು ದೊಡ್ಡ ಉರಿಯಲ್ಲಿಟ್ಟು, ಬೊಂಡಾಸ ಬಿಡಿಸಲು ಕೂತ. ಕರುಳಿನ ಜೊತೆ ಮಸಿಯ ಚೀಲಗಳನ್ನೂ ಕಿತ್ತು ಕಸದ ಬುಟ್ಟಿಗೆ ಹಾಕಿದ. ಮಸಿ ಗೊಜ್ಜು ಮಾಡುವವನು ಮಸಿಯನ್ನೇ ಎಸೆಯುತ್ತಿದ್ದಾನೆ! ಎವಾರಿಸ್ಟೊ ಮಾತ್ರ ಪಕ್ಕದಲ್ಲಿ ನಿಂತು, "ಆಹಾ, ಏನು ಕೈಚಳಕ" ಎಂದು ಬರೆದುಕೊಳ್ಳುತ್ತಿದ್ದ.

ಅವಳು ಒಂದು ಹೆಜ್ಜೆ ಮುಂದೆ ಬಂದದ್ದೇ ತಡ, ಸಂಘದ ಅಧ್ಯಕ್ಷ ಕೋಲ್ಡೊ ಓಡಿಬಂದ. "ಅಕ್ಕಾ, ಅಲ್ಲೇ ನಿಲ್ಲಿ. ನಿಯಮ ಗೊತ್ತಲ್ಲ."

"ದಾಟಲ್ಲಪ್ಪ, ಹೆದರ್ಬೇಡ. ಇಷ್ಟು ವರ್ಷ ನನ್ನ ಗೊಜ್ಜು ದಾಟಿ ಒಳಗೆ ಬಂದಿದೆ, ಅದನ್ನ ಯಾರೂ ತಡೀಲಿಲ್ಲ. ನಿನ್ನ ಹೆಂಡ್ತಿಯ ಹುರುಳಿಕಾಯಿ ಪಲ್ಯಾನೂ ಬರುತ್ತಲ್ಲ, ಅದಕ್ಕೆ ಯಾವ ನಿಯಮ?"

ಅಲ್ಲಿದ್ದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನೆಲ ನೋಡುತ್ತ ನಿಂತರು.

ಎವಾರಿಸ್ಟೊ ಪೆನ್ನು ನಿಲ್ಲಿಸಿ, "ಈಕೆ ಯಾರು?" ಎಂದು ಕೇಳಿದ.

"ಯಾರೂ ಅಲ್ಲ ಸ್ವಾಮಿ," ಎಂದ ಅನ್ಸೆಲ್ಮೊ. "ನಮ್ಮನೆಯೋಳು."

ಯಾರೂ ಅಲ್ಲವಂತೆ! ಮೈಶಬೆಲ್ ಕೈಕಟ್ಟಿಕೊಂಡು ಬಾಗಿಲಿಗೆ ಒರಗಿದಳು. ಬಾಣಲೆಯಿಂದ ಹೊಗೆ ಎದ್ದಿತು. ಅನ್ಸೆಲ್ಮೊ ನೀರು ಸುರಿದ, ಸೌಟು ಆಡಿಸಿದ, ಮಸಿಗಾಗಿ ಅತ್ತಿತ್ತ ತಡಕಾಡಿದ. ಕೊನೆಗೆ ಕಸದ ಬುಟ್ಟಿಯ ಮೇಲೆ ಬಗ್ಗಿದವನು, ಹಾಗೇ ನಿಂತುಬಿಟ್ಟ. ಬೆವರು ಒರೆಸಿಕೊಂಡು ಬಾಗಿಲಿನ ಕಡೆ ತಿರುಗಿದ.

"ಈಗ ಏನ್ ಮಾಡ್ಲಿ? ಹೇಳೇ."

"ಮೊದಲು ಆ ಸಾಹೇಬ್ರಿಗೆ ನಾನ್ಯಾರು ಅಂತ ಹೇಳಿ."

"ಆಮೇಲೆ ಹೇಳ್ತೀನಿ ಕಣೇ, ಜನ ಕಾಯ್ತಿದಾರೆ."

"ಕಾಯ್ಲಿ."

ಅವನು ಗೋಡೆ ನೋಡಿದ, ಒಲೆ ನೋಡಿದ. "ಮೈಶಬೆಲ್," ಎಂದು ಗೊಣಗಿದ. "ಗೊಜ್ಜು ಇವಳದ್ದು. ಇವಳಿಗೆ ಇವಳಮ್ಮ ಕಟಾಲಿನ್ ಕಲಿಸಿದ್ದು."

"ಊಟದ ಮನೆಗೆ ಕೇಳಿಸ್ಲಿಲ್ಲ."

ಈ ಸಲ ಅವನು ಕಣ್ಣು ಮುಚ್ಚಿಕೊಂಡು ಜೋರಾಗಿ ಹೇಳಿದ. ಆಚೆ ಚಮಚಗಳ ಸದ್ದು ನಿಂತಿತು. ಎಲ್ಲೋ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು, ಅವಳ ಹಿಂದೆ ಇನ್ನೊಬ್ಬಳು. ಮೈಶಬೆಲ್‌ಗೆ ನಗು ಬರಲಿಲ್ಲ. ಅವಳು ಎವಾರಿಸ್ಟೊನ ಅಲುಗಾಡದ ಪೆನ್ನನ್ನೇ ನೋಡುತ್ತಿದ್ದಳು.

"ಬರ್ಕೊಳ್ಳಿ ಸಾಹೇಬ್ರೇ," ಎಂದಳು. "ನೀವು ಬರೆದು ಮುಗಿಸೋವರೆಗೂ ಇವರು ಹಿಂಗೇ ನಿಂತಿರ್ತಾರೆ."