ಕೆಂಪು ಗೆರೆಯ ಈಚೆಗೆ

ಪಲ್ಲಕ್ಕಿಯ ಬಿದಿರಿಗೆ ನಾಲ್ವರು ಹೆಗಲು ಕೊಡುವಷ್ಟರಲ್ಲಿ ಗುರುಬಸವ್ವ ಬಂದು ಅದನ್ನು ಎರಡೂ ಕೈಯಿಂದ ಹಿಡಿದಳು.

"ಇಳಸ್ರಿ ಕೆಳಗ. ಕಾಶೆವ್ವ ಅಪ್ಪನ ಮಾರಿ ನೋಡೂತನಕ ಯಾರೂ ಎತ್ತಬ್ಯಾಡ್ರಿ."

ಪಲ್ಲಕ್ಕಿಯಲ್ಲಿ ಅವಳ ಗಂಡ ಗೂಳಪ್ಪನನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ದಾಂಡೇಲಿಯ ಕಂಪನಿಯೊಂದರ ಪುಟ್ಟ ವಿಮಾನಕ್ಕೆ ಎಂಟು ವರ್ಷ ಮೆಕ್ಯಾನಿಕ್ ಆಗಿದ್ದವನು, ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕುಸಿದು ಮತ್ತೆ ಏಳಲಿಲ್ಲ. ಮುಂಬಯಿಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದ ಒಬ್ಬಳೇ ಮಗಳು ಕಾಶೆವ್ವನನ್ನು ಕರೆತರಲು ಅದೇ ವಿಮಾನ ಹೋಗಿತ್ತು.

"ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು ತಂಗಿ," ಎಂದರು ಸಂಸ್ಕಾರಕ್ಕೆಂದು ಹಳಿಯಾಳದಿಂದ ಬಂದಿದ್ದ ಅಡಿವೆಯ್ಯ.

ಮೈದುನ ಉಳವಪ್ಪನಿಗೆ ತಾಳ್ಮೆ ಮೊದಲೇ ಕಡಿಮೆ. "ವಿಮಾನಂದ್ರ ಚಕ್ಕಡಿ ಆತೇನ ವೈನಿ? ಒಂದೀಟು ಜೋರ ಹೊಡೀರಿ ಅಂತ ಪೈಲಟ್ ಸಾಹೇಬ್ರಿಗೆ ಹೇಳಬಾರದಿತ್ತೇನು?"

"ಮುಂಜಾನೆ ಫೋನ್ ಹಚ್ಚಿಸಿ ಹೇಳೇನಿ. ಜೋರ ಹೊಡೀಬ್ಯಾಡ್ರಿ ಅಂತ ಹೇಳೇನಿ."

ಅಂಗಳದಲ್ಲಿದ್ದವರು ಮುಖ ಮುಖ ನೋಡಿಕೊಂಡರು.

*

ಆ ವಿಮಾನ ಚಳಿದೇಶದಿಂದ ಬಂದ ಹಳೇ ಮಾಲು. ಅದರ ರೆಕ್ಕೆಗಳ ಮುಂದಿನ ಅಂಚಿಗೆ ಕರಿ ರಬ್ಬರ್ ಪಟ್ಟಿ ಇತ್ತು.

"ಮಂಜಗಡ್ಡಿ ಹತ್ತಿದ್ರ ಇದು ಗಾಳಿ ತುಂಬಿ ಉಬ್ಬತೈತಿ, ಗಡ್ಡಿ ಒಡದ ಬೀಳತೈತಿ," ಎಂದು ಒಂದು ದಿನ ಊಟಕ್ಕೆ ಕೂತಾಗ ಗೂಳಪ್ಪ ಹೆಂಡತಿಗೆ ವಿವರಿಸಿದ್ದ.

"ದಾಂಡೇಲ್ಯಾಗ ಎಲ್ಲೀ ಮಂಜಗಡ್ಡಿ?"

"ನಗಬ್ಯಾಡ. ಆ ಪಟ್ಟಿ ಗಾಳೀನ ತಡೀತೈತಿ. ತಾಸಿಗೆ ಐದ ಮೈಲಿ ಅಲ್ಲೇ ಹೋತು. ಹೋದ ಆ ವೇಗಾನ ಇಂಜಿನ್ನಿನಿಂದ ಹಿಂಡಾಕ ಹೋಗ್ತಾರ ಪೈಲಟ್ ಸಾಹೇಬ್ರು. ಇಂಜಿನ್ ಎಷ್ಟಂತ ತಡಕೊಂಡೀತು?"

ತಡೆದುಕೊಳ್ಳಲಿಲ್ಲ. ಒಮ್ಮೆ ಇಂಜಿನ್ ಕಾದು, ಕೆಟ್ಟು, ವಿಮಾನ ಹೇಗೋ ನೆಲ ಮುಟ್ಟಿತು. ಮರುದಿನ ಗೂಳಪ್ಪ ವೇಗದ ಹಿಡಿಕೆಯ ಪಕ್ಕ ಕೆಂಪು ಬಣ್ಣದ ಗೆರೆ ಎಳೆದ. ಅದನ್ನು ದಾಟಿಸಿದರೆ ವಿಮಾನ ಹಾರಬಹುದೆಂದು ತಾನು ಮತ್ತೆ ಸಹಿ ಹಾಕುವವನಲ್ಲ ಎಂದ. ಮುಂಬಯಿಯಿಂದ ಬರಲು ಕಾಲು ತಾಸು ಹೆಚ್ಚು ಹಿಡಿಯುತ್ತದೆಂದು ಸಾಹೇಬರು ಕೂಗಾಡಿದರು. ಗೂಳಪ್ಪ ಜಗ್ಗಲಿಲ್ಲ.

*

"ಹೊತ್ತು ಮುಳುಗಾಕ ಇನ್ನ ಅರ್ಧ ತಾಸು ಉಳದೈತಿ," ಎಂದರು ಅಡಿವೆಯ್ಯ.

ಗುರುಬಸವ್ವ ಆಕಾಶದತ್ತ ನೋಡಿದಳು. ಆ ಕಾಲು ತಾಸು ಉಳಿಸಲು ಬಿಟ್ಟಿದ್ದರೆ ಮಗಳು ಇಷ್ಟೊತ್ತಿಗೆ ಅಂಗಳದಲ್ಲಿರುತ್ತಿದ್ದಳು. ತಾನೇ ಅವಳಿಗೆ ಅಪ್ಪನ ಮುಖ ತಪ್ಪಿಸಿಬಿಟ್ಟೆನೇ? ಆದರೆ ಗಂಡ ಹೋದ ಮರುದಿನ ಮಗಳನ್ನೂ ಪಣಕ್ಕಿಡಲು ಯಾವ ತಾಯಿಯಿಂದ ಆದೀತು? ಅವಳು ಸೆರಗು ಬಿಗಿದು ಕಟ್ಟಿದಳು.

"ಎತ್ರಿ. ಆದ್ರ ವಿಮಾನ ಇಳಿಯೂ ಮೈದಾನದ ಮ್ಯಾಲೆ ಹಾದು ಹೋಗೂಣು."

"ಅದು ಸುತ್ತಿನ ದಾರಿ!" ಎಂದ ಉಳವಪ್ಪ.

"ಹಂಗಾದ್ರ ಲಗೂನ ನಡೀರಿ."

ಅವಳೇ ಮುಂದೆ ನಡೆದಳು. ಹೆಂಗಸು ಮುಂದೆ ಹೋಗಬಾರದೆಂದು ಯಾರೋ ಗೊಣಗಿದರು. ಅಡಿವೆಯ್ಯ ಕೈಯೆತ್ತಿ ಅವರ ಬಾಯಿ ಮುಚ್ಚಿಸಿ ಅವಳ ಹಿಂದೆಯೇ ಹೆಜ್ಜೆ ಹಾಕಿದರು.

ಮೈದಾನದ ಅಂಚಿನಲ್ಲಿ ಪಲ್ಲಕ್ಕಿ ಇಳಿಸಿದರು. ಬಿಸಿಲು ತೇಗದ ಮರಗಳ ತುದಿಗೆ ಏರಿತ್ತು. ಕೊನೆಗೆ ಕಾಡಿನ ಮೇಲಿಂದ ಸದ್ದು ಕೇಳಿತು. ಒಂದೇ ಸಮನೆ, ಅವಸರವಿಲ್ಲದ ಸದ್ದು. ಉಳವಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ವಿಮಾನ ನೆಲ ಮುಟ್ಟಿ, ಓಡಿ, ತಿರುಗಿ ಇವರ ಎದುರಿಗೇ ಬಂದು ನಿಂತಿತು. ಕೆಂಧೂಳು ಎದ್ದು ಎಲ್ಲರನ್ನೂ ಮುಚ್ಚಿತು. ಬಾಗಿಲು ತೆರೆದು ಕಾಶೆವ್ವ ಬರಿಗಾಲಲ್ಲಿ ಓಡಿ ಬರುವಾಗ, ಗುರುಬಸವ್ವ ಪಲ್ಲಕ್ಕಿಯ ಮುಂದೆ ಮೊಣಕಾಲೂರಿ, ಗಂಡನ ಹಣೆ, ರೆಪ್ಪೆ, ಮೀಸೆಯ ಮೇಲಿನ ಧೂಳನ್ನು ಸೆರಗಿನಿಂದ ಬೇಗಬೇಗ ಒರೆಸುತ್ತಿದ್ದಳು.