ಗೋಡೆಯಾಚೆಯ ತೂತು

ಕವಿಂದು ಪಾಠ ಹೇಳುವ ನರ್ಸರಿಯೂ ಒಂದನೇ ತರಗತಿಯೂ ಒಂದೇ ತಗಡಿನ ಮಾಡಿನ ಕೆಳಗಿದ್ದವು. ನಡುವೆ ಒಂದು ಗೋಡೆ. ಗೋಡೆಯ ಈಚೆ ಜಿಲ್ಲೆಯನ್ನು ನೋಡಿಕೊಳ್ಳುವ ಕೌಂಟಿ ಸರ್ಕಾರ, ಆಚೆ ಇಡೀ ದೇಶವನ್ನಾಳುವ ನೈರೋಬಿಯ ಸರ್ಕಾರ. ನರ್ಸರಿ, ಔಷಧಾಲಯ, ಸಂತೆ, ಊರ ರಸ್ತೆ ಕೌಂಟಿಯವು. ಒಂದನೇ ತರಗತಿಯಿಂದ ಮೇಲಿನ ದೊಡ್ಡ ಶಾಲೆ, ಪೊಲೀಸು, ಊರಿನ ಚೀಫ್‌ ನೈರೋಬಿಯ ಪಾಲು.

ಈ ವರ್ಷದ ಮೊದಲ ಮಳೆಗೇ ನರ್ಸರಿಯೊಳಗೆ ನೀರಿಳಿಯಿತು. ಮೂವರು ತಾಯಂದಿರು ಮಕ್ಕಳನ್ನು ಕಳಿಸುವುದು ಬಿಟ್ಟರು. ಹೀಗೇ ಆದರೆ ತರಗತಿಯೇ ಖಾಲಿಯಾದೀತೆಂದು ಕವಿಂದು ಹೋಗಿ ಕೌಂಟಿಯ ಕಡೆಯ ವಾರ್ಡಿನ ಆಡಳಿತಾಧಿಕಾರಿ ಮುನ್ಯೋಕಿಯನ್ನು ಕರೆತಂದಳು. ಅವನು ಟೇಪು ಹಿಡಿದು ಏಣಿ ಹತ್ತಿ, ಇಳಿದು, ಕೈ ಒರೆಸಿಕೊಂಡು, ಊರವರು ಟೀಚರನ್ನು ಕರೆಯುವಂತೆ ‘ಮ್ವಾಲಿಮು’ ಎಂದೇ ಕರೆದು ಹೇಳಿದ:

“ಮ್ವಾಲಿಮು, ತೂತು ಗೋಡೆಯಿಂದ ಒಂದು ಗೇಣು ಆಚೆಗಿದೆ. ಒಂದನೇ ಕ್ಲಾಸಿನ ಮೇಲೆ. ನೀರು ಜಂತಿ ಹಿಡ್ಕೊಂಡು ಈ ಕಡೆ ಹರೀತಿದೆ, ಅಷ್ಟೇ.”

“ನೆನೀತಿರೋದು ನಮ್ಮ ಮಕ್ಕಳು ಸಾರ್.”

“ಫಾರಮ್ಮಲ್ಲಿ ಕೇಳೋದು ತೂತು ಎಲ್ಲಿದೆ ಅಂತ. ನೀರು ಎಲ್ಲಿ ಬೀಳುತ್ತೆ ಅಂತಲ್ಲ. ನೈರೋಬಿಯವರ ತೂತಿಗೆ ನಾನು ತಗಡು ಹಾಕಿಸಿದ್ರೆ ಆಡಿಟ್‌ನೋರು ಸುಮ್ನಿರ್ತಾರಾ?”

“ವಾರ್ಡ್ ಸದಸ್ಯರನ್ನ ಕೇಳ್ಲಾ?”

“ಅವರು ಕೌಂಟಿ ಅಸೆಂಬ್ಲೀಲಿ ಕೈ ಎತ್ತುತ್ತಾರೆ, ಅಷ್ಟೇ. ಇಲ್ಲಿ ಏಣಿ ಹತ್ತೋನು ನಾನು.”

ಚಹಾ ತಂದ ದೊಡ್ಡ ಶಾಲೆಯ ಹೆಡ್ ಮೇಡಂ ಸ್ಯೊಂಬುವಾ, “ಈ ಮಾಡಿನ ವಿಷಯ ನಾನೂ ಎರಡು ವರ್ಷದಿಂದ ನೈರೋಬಿಗೆ ಬರೀತಿದ್ದೀನಿ,” ಎಂದರು.

ಕವಿಂದು ಎರಡೂ ಬಾಗಿಲುಗಳ ಮೇಲೆ ತರಗತಿಯ ಹೆಸರು ಬರೆದಿದ್ದ ಸೀಮೆಸುಣ್ಣದ ಅಕ್ಷರಗಳನ್ನು ನೋಡುತ್ತ ನಿಂತಳು.

“ಮೇಡಂ, ತೂತು ಕದಲಲ್ಲ. ನಾವು ಕದಲಬಹುದಲ್ವಾ?”

ಸ್ಯೊಂಬುವಾ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರು. “ಜಾಣೆ ಕಣೇ ನೀನು! ನಿನ್ನ ಮಕ್ಕಳು ಬೆಚ್ಚಗಿರ್ಲಿ, ನಮ್ಮವು ನೆನೀಲಿ ಅಂತಾನಾ?”

“ಮಳೆ ಬಂದ ದಿನ ಅವರೂ ನಮ್ಮ ಜೊತೇಲೇ ಕೂತ್ಕೊಳ್ಳಲಿ. ತಗಡು ಬರೋ ತನಕ.”

ಸಂಜೆಯೊಳಗೆ ಬೆಂಚುಗಳು ಅದಲುಬದಲಾದವು, ಬಾಗಿಲಿನ ಅಕ್ಷರಗಳೂ. ಮುನ್ಯೋಕಿ ಮತ್ತೊಮ್ಮೆ ಏಣಿ ಹತ್ತಿ, ಅದೇ ಗೇಣನ್ನು ಅಳೆದು ಬರೆದುಕೊಂಡ: ‘ನರ್ಸರಿ ಕೋಣೆಯ ಮೇಲೆ ತೂತು, ಒಂದು.’

ಕಾಗದ ವಾರ್ಡಿನಿಂದ ಉಪಕೌಂಟಿಗೆ, ಅಲ್ಲಿಂದ ಕೌಂಟಿಯ ಮುಖ್ಯ ಕಚೇರಿಯ ಶಿಕ್ಷಣ ವಿಭಾಗಕ್ಕೆ ಹೋಗಿ, ಅಲ್ಲೊಂದಿಷ್ಟು ದಿನ ಕೂತು, ಕಾಮಗಾರಿ ವಿಭಾಗಕ್ಕೆ ಇಳಿಯಿತು. ಮಳೆಯ ದಿನಗಳಲ್ಲಿ ಐವತ್ತೆಂಟು ಮಕ್ಕಳು ಒಂದೇ ಕೋಣೆಯಲ್ಲಿ ತೊಡೆಗೆ ತೊಡೆ ತಾಗಿಸಿ ಕೂತರು. ಬಿಟ್ಟುಹೋಗಿದ್ದ ಮೂವರಲ್ಲಿ ಇಬ್ಬರು ಮರಳಿದರು.

ಐದನೇ ವಾರ ತಗಡು ಹೊತ್ತು ಬಂದವನು ಮಾಡಿನ ಮೇಲೆ ಕೂತು ಕೂಗಿದ: “ಇದು ಯಾವ ಸರ್ಕಾರದ್ದು ಮ್ವಾಲಿಮು?”

“ಸದ್ಯಕ್ಕೆ ಕೌಂಟೀದು,” ಎಂದಳು ಕವಿಂದು. “ಬೇಗ ಮೊಳೆ ಹೊಡಿಯಪ್ಪ.”