ಕಾಲು ಮಾಡಿದ ತಪ್ಪು

"ಏನೇ ಮಹಾರಾಣಿ, ಆಕಳಿಸ್ತೀಯಾ? ಹಾಸಿಗೆ ಹಾಸಿಕೊಡ್ಲಾ?"

ಮೇಸ್ತ್ರಿ ಕೂಗಿದ್ದು ಕಟ್ಟಡಕ್ಕೆಲ್ಲ ಕೇಳಿತು. ನಾನು ಇಟ್ಟಿಗೆಯ ಬಾಂಡ್ಲಿ ಹೊತ್ತು ಮೆಟ್ಟಿಲ ಮೇಲಿದ್ದೆ. ಆಕಳಿಕೆಯ ಹಿಂದೆ ಸೀನು, ಸೀನಿನ ಹಿಂದೆ ಮೂಗಿನ ನೀರು. ಮೈಮೇಲಿನ ಕೂದಲೆಲ್ಲ ಎದ್ದು ನಿಂತು ನನಗೇ ಸಲಾಮು ಹೊಡೆಯುತ್ತಿದ್ದವು. ಹೊಟ್ಟೆಯ ಕಥೆ ಕೇಳಬೇಡಿ. ಕಟ್ಟಡದ ಹಿಂದಿನ ತಗಡಿನ ಕಕ್ಕಸಿಗೂ ನನಗೂ ಬೆಳಗಿನಿಂದ ನೆಂಟಸ್ತನ ಬೆಳೆದಿತ್ತು.

ಎಲ್ಲಾ ಮೇಸ್ತ್ರಿಯ ಡಬ್ಬಿಯ ನೋವಿನ ಬಿಳಿ ಗುಳಿಗೆ ಮೊನ್ನೆಯಿಂದ ಬಿಟ್ಟಿದ್ದರ ಫಲ. ಹೊರೆ ಹೊರುವ ಹೆಂಗಸರಿಗೆಲ್ಲ ದಿನಾ ಬೆಳಗ್ಗೆ ಚಹಾದ ಜೊತೆ ಒಂದೊಂದು ಕೊಡುತ್ತಾನೆ, ಧರ್ಮಕ್ಕೆ! ನುಂಗಿದರೆ ಸೊಂಟ, ಕತ್ತು, ಭುಜ ಯಾವುದೂ ಇಲ್ಲವೇ ಇಲ್ಲ. ಹೋದ ವಾರ ಪಾತ್ರೆ ತೊಳೆಯುವಾಗ ಅತ್ತೆ ನನ್ನ ಕೈ ನೋಡಿ ಚೀರಿದಳು. ಕಿರುಬೆರಳು ಜಜ್ಜಿ ಉಗುರು ನೇತಾಡುತ್ತಿತ್ತು. ಇಟ್ಟಿಗೆ ಯಾವಾಗ ಬಿತ್ತೋ ನನಗೆ ಗೊತ್ತೇ ಇಲ್ಲ. ಆವತ್ತು ಹೆದರಿದೆ. ನನ್ನ ಮೈಗೆ ಏನಾದರೂ ಆದರೆ ಮೊದಲು ನನಗೆ ಗೊತ್ತಾಗಬೇಡವೇ?

ಬಾಂಡ್ಲಿ ಇಳಿಸಿ ಕೆಳಗೆ ಬಂದು ಕೂತೆ. ಮೇಸ್ತ್ರಿ ಡಬ್ಬಿ ಹಿಡಿದು ಎದುರಿಗೆ ಕುಕ್ಕರಿಸಿದ.

"ನುಂಗು."

"ಬೇಡ ಮೇಸ್ತ್ರಿ."

"ಬಾಯ್ ತೆಗಿಯೇ ಮುಂಡೆ!" ಎಂದು ದವಡೆ ಹಿಡಿದ.

ನನ್ನ ಬಲಗಾಲು ತಾನಾಗಿಯೇ ಚಿಮ್ಮಿತು. ಮೇಸ್ತ್ರಿ ಮರಳಿನ ಮೇಲೆ ಅಂಗಾತ ಬಿದ್ದ.

"ಒದ್ಯಾ? ನನ್ನೇ ಒದ್ಯಾ?"

"ಅಯ್ಯೋ, ನಾನಲ್ಲ, ಕಾಲು! ಗುಳಿಗೆ ಬಿಟ್ರೆ ಹಿಂಗೇ ಒದಿಯುತ್ತೆ. ನನ್ ಗಂಡನ್ನ ಕೇಳಿ. ರಾತ್ರಿ ಪಕ್ಕದಲ್ಲಿ ಮಲ್ಗಿದ್ದೋನು, ಬೆಳಗಾಗೋ ಹೊತ್ಗೆ ಹೊಸ್ತಿಲಾಚೆ ಇದ್ದ."

ಹೆಂಗಸರು ಕಿಸಕ್ಕನೆ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಈ ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಮೇಸ್ತ್ರಿ ಮರಳು ಕೊಡವಿಕೊಂಡು ಎದ್ದ. ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ನೆಲದ ಮೇಲಿಟ್ಟ.

"ನುಂಗು, ಇಲ್ಲಾ ಮನೆಗೆ ನಡಿ. ನಿನ್ನಂಥ ಕತ್ತೆಗಳು ಬೇಕಾದಷ್ಟು ಸಿಗ್ತಾವೆ."

ಕಾಲು ಈಗ ಸುಮ್ಮನಿತ್ತು, ಪಾಪ. ನಾನೇ ಎತ್ತಿದೆ. ಡಬ್ಬಿ ಹಾರಿ, ಕಲಸಿಟ್ಟ ಸಿಮೆಂಟಿನಲ್ಲಿ ಬೋರಲಾಗಿ ಬಿತ್ತು. ಗುಳಿಗೆಗಳೆಲ್ಲ ಮುಳುಗಿದವು.

"ಇದೂ ಕಾಲೇನೇ?" ಮೇಸ್ತ್ರಿ ಕೈ ಎತ್ತಿಕೊಂಡು ಬಂದ.

"ಇಲ್ಲ. ಇದು ನಾನು."

ಧಡಾರನೆ ಬಾಂಡ್ಲಿ ಬಿದ್ದ ಸದ್ದಾಯಿತು. ನನ್ನ ಜೊತೆ ಹೊರೆ ಹೊರುವ ನಾದಿನಿ, ಬೆಳಗ್ಗೆ ತಾನೇ ಗುಳಿಗೆ ನುಂಗಿದ್ದವಳು, ನಮ್ಮಿಬ್ಬರ ನಡುವೆ ಬಂದು ನಿಂತಳು.

"ನಂಗೂ ಯಾಕೋ ಕಾಲು ನಿಲ್ತಾ ಇಲ್ಲ ಕಣತ್ತಿಗೆ" ಅಂದಳು, ಮೇಸ್ತ್ರಿಯನ್ನೇ ನೋಡುತ್ತ.